ಮಹಾರಾಜರು ಕೊಟ್ಟ ಡಾಲರು

ಕೊರಳಲ್ಲಿ ಏನನ್ನಾದರೂ ನೇತುಹಾಕಿಕೊಂಡವರು ಅದರ ಜೊತೆಗೆ ಒಂದು ಕಥೆಯನ್ನೂ ನೇತುಹಾಕಿಕೊಂಡಿರುತ್ತಾರೆ. ಒಡವೆ ನೋಡಿ, ಕಥೆ ಎಷ್ಟು ನಿಜ ಎಂದು ಹೇಳುವ ಕೆಲಸಕ್ಕೆ ಕೂತವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಹದಿನೈದು ವರ್ಷ ಆ ಕೆಲಸಕ್ಕೆ ಕೂತಿದ್ದೆ. ಒಂದು ವಾರವೂ ತಪ್ಪಲಿಲ್ಲ.

ಬೋರ್ಡು

ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಹಳೆಯ ನಾಣ್ಯಗಳ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದು, ತೊಂಬತ್ತರ ದಶಕದ ಆರಂಭದಲ್ಲಿ ನಂಜನಗೂಡಿಗೆ ವಾಪಸು ಬಂದೆ. ಆ ಅಂಕಗಳಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಅಕ್ಕನ ಗಂಡನಿಗೆ ಬಜಾರಿನಲ್ಲಿ ಒಡವೆ ಅಂಗಡಿ ಇತ್ತು. ಭಾವ ಒಂದು ದಿನ ಹೇಳಿದ:

"ನೀನು ಓದಿದ್ದು ಹಳೇ ಕಾಸಿನ ಬಗ್ಗೆ ತಾನೇ? ನಮ್ಮ ಅಂಗಡಿಗೆ ಬರೋದೂ ಹಳೇದೇ. ಬಂದು ಕೂತ್ಕೊ."

ಮಾರನೆಯ ದಿನ ಅಂಗಡಿಯ ಮುಂದೆ ಬೋರ್ಡು ಎದ್ದಿತ್ತು. 'ಹಳೆಯ ಪದಕ, ಬಿಲ್ಲೆ, ಕಾಸಿನ ಸರಗಳನ್ನು ಎಂ.ಎ. ಆದವರಿಂದ ಪರೀಕ್ಷಿಸಿ ಬೆಲೆ ಹೇಳಲಾಗುವುದು.' ವಿಶ್ವವಿದ್ಯಾಲಯ ನನಗೆ ಕೊಟ್ಟ ಪದವಿಯನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಬೇರೆ ಯಾರೂ ಬರೆಸಿಲ್ಲ.

ಕೆಲಸ ಸರಳ. ಹಿಂದೆ ಅರಮನೆಯಲ್ಲಿ ಪಟ್ಟಾಭಿಷೇಕವೋ ಮದುವೆಯೋ ಬೆಳ್ಳಿಹಬ್ಬವೋ ನಡೆದರೆ ನೆನಪಿಗೆ ಬಿಲ್ಲೆ ಹೊಡೆಸಿ ಹಂಚುತ್ತಿದ್ದರು. ಸಂಘದವರು, ಶಾಲೆಯವರು, ಕಂಪನಿಯವರು ಕೂಡ ಹೊಡೆಸುತ್ತಿದ್ದರು. ನಮ್ಮ ಜನ ಅದನ್ನು ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ. ಮೇಲೊಂದು ಕೊಂಡಿ ಬೆಸೆಸಿ, ಮಗುವಿನ ಕೊರಳಿಗೋ ಹೆಂಡತಿಯ ಸರಕ್ಕೋ ಹಾಕುತ್ತಿದ್ದರು. ಹಾಗೆ ನೇತಾಡುವ ಬಿಲ್ಲೆಗೆ ನಮ್ಮ ಕಡೆ ಡಾಲರು ಎನ್ನುತ್ತಾರೆ. ಅಮೆರಿಕಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾನು ನೋಡುತ್ತಿದ್ದದ್ದು ಮೂರೇ ಸಂಗತಿ. ಯಾವ ಲೋಹ, ಯಾವ ಸಂದರ್ಭದ್ದು, ಆಮೇಲೆ ಯಾರಾದರೂ ಕೈಯಾಡಿಸಿದ್ದಾರೆಯೇ. ಬೆಲೆ ಈ ಮೂರರ ಮೇಲೆ ನಿಲ್ಲುತ್ತದೆ. ಮನೆಯವರ ಕಥೆ ತಕ್ಕಡಿಗೆ ಬರುವುದಿಲ್ಲ.

ಬೋರ್ಡು ನೋಡಿ ಮೊದಲು ಬಂದವರು ಸುತ್ತೂರು ಕಡೆಯ ಒಬ್ಬರು, ಐವತ್ತರ ಆಸುಪಾಸು. ಕೊರಳಿಂದ ಕರಿದಾರ ಬಿಚ್ಚಿ, ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಮ್ಮ ತಾತ ಯುದ್ಧಕ್ಕೆ ಓಗಿದ್ರು ಸಾ. ಸಮುದ್ರ ದಾಟಿ. ಅಲ್ಲಿ ದೊರೆಗಳು ಎದೆಗೆ ಚುಚ್ಚಿದ್ದು ಇದು. ಅವ್ರ ಕೊರಳಿಂದ ನಮ್ಮಪ್ಪಂಗೆ ಬಂತು, ಅಪ್ಪನಿಂದ ನಂಗೆ."

ಭೂತಗನ್ನಡಿ ಹಿಡಿದೆ. ಹಿತ್ತಾಳೆ. ಸುತ್ತಲೂ ಇಂಗ್ಲಿಷಿನಲ್ಲಿ ಬರಹ. ಒಂದು ಸಲ ಓದಿದೆ. ಸುಮ್ಮನೆ ಹೇಳುವುದು ಬೇಡವೆಂದು ಇನ್ನೊಂದು ಸಲ ಓದಿದೆ.

"ಇದು ಯುದ್ಧದ್ದಲ್ಲ. ಒಂದು ಟೀ ಕಂಪನಿಯದ್ದು. ಈ ಬಿಲ್ಲೆ ತಂದವರಿಗೆ ಒಂದು ಪೊಟ್ಟಣ ಟೀ ಪುಡಿ ಉಚಿತ ಅಂತ ಬರೆದಿದೆ."

ಅವರು ಬಿಲ್ಲೆ ಇಸಕೊಂಡು ಮತ್ತೆ ಕೊರಳಿಗೆ ಕಟ್ಟಿಕೊಂಡರು. ಮೂರು ತಲೆಮಾರಿನ ಶೌರ್ಯಕ್ಕೆ ನೀರು ಹಾಕಿದೆನಲ್ಲ ಎಂದು ನನಗೂ ಸ್ವಲ್ಪ ಅನ್ನಿಸಿತು. ಮೆಟ್ಟಿಲು ಇಳಿದವರು ತಿರುಗಿ ನಿಂತರು.

"ಯಾವ ಅಂಗ್ಡೀಲಿ ಕೊಡ್ತಾರೆ ಅಂತ ಬರ್ದವ್ರಾ ಸಾ?"

ದೇವರ ಬೆನ್ನು

ಕೆಲವು ವರ್ಷ ಕಳೆದ ಮೇಲೆ ಒಂದು ಸೋಮವಾರ ಹೆಡತಲೆಯಿಂದ ಒಬ್ಬ ಅಜ್ಜಿ ಬಂದಳು. ಎಂಬತ್ತು ದಾಟಿತ್ತು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅರಿಶಿನದ ಬಟ್ಟೆ, ಅದರೊಳಗೆ ಇನ್ನೊಂದು ಬಟ್ಟೆ, ಅದರೊಳಗೆ ಡಾಲರು.

ಹಳೇ ರೂಪಾಯಿಯಷ್ಟು ಅಗಲದ ಬೆಳ್ಳಿ ಬಿಲ್ಲೆ. ಸುತ್ತ ಚಿನ್ನದ ಕಟ್ಟು. ಹಿಂದುಗಡೆ ಪೂರ್ತಿ ಚಿನ್ನದ ತಗಡು ಮುಚ್ಚಿತ್ತು. ಮುಂದುಗಡೆ ಹುಣಸೆಹಣ್ಣು, ಬೂದಿ ಹಾಕಿ ಹಬ್ಬಹಬ್ಬಕ್ಕೆ ಉಜ್ಜಿ ಉಜ್ಜಿ ನುಣ್ಣಗಾಗಿ, ನಡುವೆ ಒಂದು ಉಬ್ಬು ಮಾತ್ರ ಉಳಿದಿತ್ತು. ಅದರ ಸುತ್ತ ಕುಂಕುಮ ಮೆತ್ತಿತ್ತು.

"ಯಾರು ಗೊತ್ತಾಯ್ತಾ?" ಅಂದಳು ಅಜ್ಜಿ.

"ಇಲ್ಲ."

"ಮಾರಾಜ್ರು. ಇದು ಅವ್ರ ಪೇಟ." ಉಬ್ಬಿನ ಮೇಲೆ ಬೆರಳಿಟ್ಟಳು. "ನಮ್ಮ ಮಾವನ ಕೈಗೆ ಕೊಟ್ಟಿದ್ದು. ನಮ್ಮತ್ತೆ ಏಳ್ತಿದ್ರು."

"ಏನು ಮಾಡಿದ್ದಕ್ಕೆ ಕೊಟ್ಟರು?"

"ಅದೊಂದೇ ಕಣಪ್ಪ ನಂಗೂ ತಿಳೀದೆ ಇರೋದು. ನಾ ಸೊಸೆಯಾಗಿ ಬಂದಾಗ್ಲಿಂದ ಸಾಯೋಗಂಟ ಆ ಮನ್ಸ ಜಗ್ಲಿ ಬುಟ್ಟು ಇಳಿದಿದ್ದ ನಾ ಕಾಣ್ನಿಲ್ಲ. ಕೂತಲ್ಲಿಗೇ ಎಲೆ ಅಡಿಕೆ, ಕೂತಲ್ಲಿಗೇ ಉಣ್ಣಾಕೆ. ಅಂಥೋರಿಗೆ ಮಾರಾಜ್ರು ಯಾಕ್ ಕೊಟ್ರೋ!"

ಕಥೆ ಹೇಳುವವರೇ ಕಥೆಯ ಮೇಲೆ ಅನುಮಾನ ಪಡುವುದು ನಮ್ಮ ಅಂಗಡಿಯಲ್ಲಿ ಅದೇ ಮೊದಲು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ವಿಷಯ ಇಷ್ಟು. ಅಜ್ಜಿಯ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಈ ಡಾಲರು ಕಟ್ಟುವುದು ಪದ್ಧತಿ. ಮಕ್ಕಳು, ಮೊಮ್ಮಕ್ಕಳು, ಎಲ್ಲರಿಗೂ ಕಟ್ಟಿದ್ದಾರೆ. ಈಗ ಮೊಮ್ಮಗನಿಗೆ ಗಂಡು ಮಗು ಆಗಿದೆ. ಬಾಣಂತನ ಹುಡುಗಿಯ ತವರಿನಲ್ಲಿ, ತಿ. ನರಸೀಪುರದಲ್ಲಿ. ಶಾಸ್ತ್ರವೂ ಅಲ್ಲೇ. ಹುಡುಗಿಯ ತಂದೆ ರೆವಿನ್ಯೂ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ಮೂವತ್ತು ವರ್ಷ ಸಂಬಳ ಪಡೆದವರು. ಮಗುವಿಗೆಂದು ಹೊಸ ಚಿನ್ನದ ಡಾಲರು ಮಾಡಿಸಿಟ್ಟಿದ್ದಾರೆ. ಅಜ್ಜಿಯದ್ದನ್ನು ನೋಡಿ, "ಇದ್ಯಾವುದೋ ಗಿಲೀಟು. ಮಹಾರಾಜರದ್ದು ಅನ್ನೋದಕ್ಕೆ ರೆಕಾರ್ಡ್ ಏನಿದೆ? ತಿಳಿದವರ ಕೈಲಿ ಬರೆಸ್ಕೊಂಡು ಬನ್ನಿ, ಕಟ್ಟೋಣ" ಎಂದಿದ್ದಾರೆ. ಶಾಸ್ತ್ರಕ್ಕೆ ಉಳಿದಿರುವುದು ಎರಡೂವರೆ ವಾರ.

"ಬರ್ಕೊಡು," ಅಂದಳು ಅಜ್ಜಿ.

"ಹಿಂದಿನ ತಗಡು ಬಿಚ್ಚಿ ನೋಡಬೇಕು ಅಜ್ಜಿ. ಬರಹ ಇದ್ದರೆ ಅಲ್ಲೇ ಇರುತ್ತೆ."

"ಬಿಚ್ಚಂಗಿಲ್ಲ. ಅದು ದ್ಯಾವ್ರ ಜೊತೇಲಿ ಮಡಗಿರಾದು. ದ್ಯಾವ್ರ ಬೆನ್ನ ಯಾರಾರ ಬಿಚ್ಚಿ ನೋಡ್ತಾರಾ?"

"ನೋಡದೆ ಬರೆಯೋದಿಲ್ಲ."

"ಬರ ಸೋಮವಾರ ಬತ್ತೀನಿ."

"ಬಂದರೂ ಇದೇ ಉತ್ತರ."

"ಬತ್ತೀನಿ," ಅಂದಳು. ಗಂಟು ಕಟ್ಟಿಕೊಂಡು ಎದ್ದವಳು ಬೋರ್ಡಿನ ಕಡೆ ಕೈ ತೋರಿಸಿದಳು. "ಎಂಯೆ ಅಂದ್ರೆ ಎಷ್ಟು ವರ್ಸ ಓದಾದು?"

"ಹದಿನೇಳು."

"ಹದಿನೇಳು ವರ್ಸ ಓದ್ಬುಟ್ಟೂ ಮೊಕ ನೋಡಿದ್ರೆ ಮಾರಾಜ್ರು ಅಂತ ಗೊತ್ತಾಗಾಕಿಲ್ವಾ?"

ರಾಣಿಯ ಮೂಗುತಿ

ಅದೇ ವಾರ ಗಂಡ ಹೆಂಡತಿ ಒಂದು ಕಾಸಿನ ಸರ ತಂದರು. ಹನ್ನೊಂದು ಕಾಸು, ಎಲ್ಲವೂ ರಾಣಿ ತಲೆಯವು. ಅಂದರೆ ಒಂದು ಮುಖದಲ್ಲಿ ಇಂಗ್ಲೆಂಡಿನ ರಾಣಿಯ ಚಿತ್ರ. ಹೆಂಡತಿಯ ಅಜ್ಜಿಯ ಕಾಲದ ಸರ. ಗಂಡನಿಗೆ ಅದರ ಬೆಲೆ ಗೊತ್ತಾಗಬೇಕಿತ್ತು. ಹೆಂಡತಿಗೆ ಅವನಿಗೆ ಗೊತ್ತಾಗುವುದು ಬೇಕಿರಲಿಲ್ಲ.

ಒರೆಗಲ್ಲಿಗೆ ಹಚ್ಚಿದೆ. ಅಪ್ಪಟ ಚಿನ್ನ. ತೂಕ ಸರಿ. ಭೂತಗನ್ನಡಿ ಹಿಡಿದಾಗ ರಾಣಿಯ ಹಣೆಯಲ್ಲಿ ಒಂದು ಚುಕ್ಕೆ ಕಂಡಿತು. ಕೊಳೆ ಎಂದುಕೊಂಡು ಒರೆಸಿದೆ. ಹೋಗಲಿಲ್ಲ. ಮೂಗಿನ ಮೇಲೆ ಇನ್ನೊಂದು ಚುಕ್ಕೆ. ಎರಡನೆಯ ಕಾಸು ನೋಡಿದೆ. ಮೂರನೆಯದು ನೋಡಿದೆ. ಹನ್ನೊಂದು ರಾಣಿಯರೂ ಬೊಟ್ಟಿಟ್ಟು, ಮೂಗುತಿ ಹಾಕಿಕೊಂಡು ಕೂತಿದ್ದರು.

ಒಳಗೆ ಕೆಲಸ ಮಾಡುತ್ತಿದ್ದ ಆಚಾರ್ರನ್ನು ಕರೆದೆ. ಭಾವನ ಅಂಗಡಿಯ ಅಕ್ಕಸಾಲಿಗರು ಅವರು. ಒಂದೇ ಕಣ್ಣಲ್ಲಿ ನೋಡಿ ಹೇಳಿದರು:

"ಇದು ನಮ್ಮಪ್ಪನ ಕೈ ಸಾ. ತಾಳಿ ಜೊತೆ ಪೋಣಿಸೋ ಕಾಸು. ಬೋಳು ಹಣೆ ಹೆಂಗಸಿನ ತಲೇನ ತಾಳಿ ಪಕ್ಕ ಹೆಂಗೆ ಹಾಕೋದು ಅಂತ ಜನ ಒಪ್ತಿರ್ಲಿಲ್ಲ. ಅದಕ್ಕೆ ನಮ್ಮಪ್ಪ ಒಂದು ಬೊಟ್ಟು, ಒಂದು ಮೂಗುತಿ ಹೊಡೆದು ಕೊಡೋರು."

ನಾನು ಗಂಡನಿಗೆ ವಿವರಿಸಿದೆ. ಹಳೆಯ ನಾಣ್ಯ ಸಂಗ್ರಹ ಮಾಡುವವರು ಹೆಚ್ಚು ಕೊಡುವುದು ಹೊಡೆದದ್ದು ಹೊಡೆದಂತೆಯೇ ಇದ್ದರೆ. ಹೀಗೆ ತಿದ್ದಿದ ಮೇಲೆ ಸಿಗುವುದು ಬರೀ ಚಿನ್ನದ ಬೆಲೆ.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹೆಂಡತಿ ಸರವನ್ನು ನನ್ನ ಕೈಯಿಂದ ಎತ್ತಿಕೊಂಡಳು.

"ಹಂಗಾರೆ ನಡೀರಿ ಮನೆಗೆ. ಮುತ್ತೈದೆ ಮಾಡಿದ್ರೆ ಬೆಲೆ ಇಳಿಸೋ ಜನಕ್ಕೆ ನಾ ಯಾಕೆ ಮಾರ್ಲಿ?"

ಕಥೆ ಹೇಳದ ಮುದುಕ

ಅಜ್ಜಿ ಎರಡನೆಯ ಸೋಮವಾರ ಬರುವ ಮುಂಚೆ ನನ್ನದೇ ಒಂದು ಮಾನ ಹೋಗಬೇಕಾಗಿತ್ತು, ಹೋಯಿತು.

ಸಂತೆ ದಿನ ನಾನು ನರಸೀಪುರಕ್ಕೆ ಹೋಗಿ, ಭಾವನ ಪರಿಚಯದವರ ಅಂಗಡಿಯಲ್ಲಿ ಒಂದು ಮೂಲೆ ಹಿಡಿದು ಕೂರುತ್ತಿದ್ದೆ. ಆ ದಿನ ಒಬ್ಬ ಮುದುಕ ಬಂದು ಪಟ್ಟಾಭಿಷೇಕದ ಬೆಳ್ಳಿ ಡಾಲರು ಮುಂದಿಟ್ಟ. ಗಂಡಭೇರುಂಡ ಅಚ್ಚುಕಟ್ಟಾಗಿತ್ತು. ಸಂದುಗಳಲ್ಲಿ ಹಳೆಯ ಕಪ್ಪು. ಎಲ್ಲಿಂದ ಬಂತು ಎಂದು ಕೇಳಿದೆ. "ಗೊತ್ತಿಲ್ಲ ಸಾ, ಮನೇಲಿತ್ತು" ಅಂದ. ತಾತನಿಲ್ಲ, ಯುದ್ಧವಿಲ್ಲ, ಅರಮನೆಯಿಲ್ಲ. ಅಷ್ಟು ವರ್ಷದಲ್ಲಿ ಕಥೆ ಹೇಳದ ಮನುಷ್ಯನನ್ನು ಮೊದಲ ಸಲ ನೋಡಿದ್ದೆ. ಆ ಒಂದೇ ಕಾರಣಕ್ಕೆ ನಂಬಿದೆ. ಕೇಳಿದಷ್ಟು ಕೊಟ್ಟು ತಂದೆ.

ನಂಜನಗೂಡಿಗೆ ಬಂದು ಭಾವನ ಮುಂದೆ ಇಟ್ಟೆ. ಆಚಾರ್ರು ಇಣುಕಿದರು.

"ಕೊಂಡಿ ಚೆನ್ನಾಗಿ ಕೂತದೆ ಸಾ. ಹೋದ ಯುಗಾದೀಲಿ ಕೂರಿಸಿದ್ದು ನಾನೇ."

"ಕೊಂಡಿ ಮಾತ್ರ ತಾನೇ?"

"ಬಿಲ್ಲೇನೂ ನಾನೇ. ಯಾರೋ ಅಚ್ಚು ತಂದುಕೊಟ್ಟಿದ್ರು, ನೆನಪಿಗೆ ಬೇಕು ಅಂದ್ರು, ಹೊಡೆದುಕೊಟ್ಟೆ. ಮಾರ್ತಾರೆ ಅಂತ ನಂಗೇನು ಗೊತ್ತು?"

"ಮತ್ತೆ ಈ ಹಳೇ ಕಪ್ಪು?"

ಆಚಾರ್ರು ಮೂಸಿ ನೋಡಿದರು. "ಕೊಟ್ಟಿಗೆ ಗಂಜಲದಲ್ಲಿ ಎರಡು ತಿಂಗಳು ಹೂತವ್ರೆ. ಪರವಾಗಿಲ್ಲ, ಎಂ.ಎ. ಆದೋರೇ ಕಂಡುಹಿಡೀನಿಲ್ಲ ಅಂದ್ರೆ ನನ್ನ ಕೈ ಇನ್ನೂ ಗಟ್ಟಿಯಾಗದೆ."

ಭಾವ ಪೇಂಟರನ್ನು ಕರೆಸಿದ. ಸಂಜೆಗೆ ಬೋರ್ಡಿನಲ್ಲಿ ಹೀಗಿತ್ತು: 'ಎಂ.ಎ. ಆದವರಿಂದ, ಆಚಾರ್ರ ಸಮ್ಮುಖದಲ್ಲಿ, ಪರೀಕ್ಷಿಸಿ ಬೆಲೆ ಹೇಳಲಾಗುವುದು.'

ಎರಡೂ ಮಗ್ಗುಲು ಕಣ್ಣಾರೆ ನೋಡದೆ ಒಂದಕ್ಷರ ಬರೆಯುವುದಿಲ್ಲ ಎಂದು ಆ ದಿನ ತೀರ್ಮಾನಿಸಿದೆ.

ಸೋಮವಾರಗಳು

ಎರಡನೆಯ ಸೋಮವಾರ ಅಜ್ಜಿ ಒಂದು ಚೀಲ ಅವರೆಕಾಯಿ ತಂದಳು. ಕಾಯಿ ಮೇಜಿನ ಮೇಲಿಟ್ಟು, "ಬರ್ಕೊಡು" ಅಂದಳು.

"ತಗಡು ಬಿಚ್ಚಿ."

"ಬಿಚ್ಚಾಕಿಲ್ಲ."

ಅವರೆಕಾಯಿ ವಾಪಸು ತೆಗೆದುಕೊಂಡಳು. ಅರ್ಧ ಮಾತ್ರ. ಉಳಿದರ್ಧ ಆಚಾರ್ರಿಗೆ ಕೊಟ್ಟಳು.

ಮೂರನೆಯ ಸೋಮವಾರ ಬುತ್ತಿ ಕಟ್ಟಿಕೊಂಡೇ ಬಂದಳು. ಬೆಂಚಿನ ಮೇಲೆ ಕಾಲು ಮಡಚಿ ಕೂತು, ಬಂದ ಗಿರಾಕಿಗಳಿಗೆಲ್ಲ ನನ್ನನ್ನು ಪರಿಚಯಿಸಿದಳು. "ಇವ್ನು ಬೆನ್ನ ನೋಡ್ದೆ ಏನೂ ಏಳಾಕಿಲ್ಲ ಕಣವ್ವ. ಓಲೆ ತಂದಿದ್ರೆ ಇಂದ್ಗಡೆ ತಿರುಗ್ಸಿ ಕೊಡು." ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳು ಒಡವೆಯನ್ನು ಕವುಚಿ ಹಾಕಿಯೇ ಕೊಡತೊಡಗಿದರು. ಭಾವ ನನ್ನ ಕಿವಿಯ ಹತ್ತಿರ ಬಂದು, "ಬರೆದುಕೊಟ್ಟು ಕಳಿಸೋ ಮಾರಾಯ. ಪುಣ್ಯ ಬರುತ್ತೆ" ಅಂದ. ಪುಣ್ಯಕ್ಕೆ ಸಹಿ ಹಾಕುವವನು ನಾನಲ್ಲ ಅಂದೆ.

ಶಾಸ್ತ್ರಕ್ಕೆ ಮೂರೇ ದಿನ ಉಳಿದಿತ್ತು. ಕೊನೆಗೆ ಆಚಾರ್ರು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತರು.

"ಅಜ್ಜಿ, ದ್ಯಾವ್ರ ಬೆನ್ನು ಬಿಚ್ಚಬಾರ್ದು, ಸರಿ. ಆದ್ರೆ ದ್ಯಾವ್ರ ತಗಡು ಸವೆದದೆ ನೋಡಿ. ಹೊಸ ತಗಡು ಹಾಕ್ಬೇಕಾದ್ರೆ ಹಳೇದು ತೆಗೀಬೇಕಲ್ಲ. ಆ ಹೊತ್ತಿಗೆ ಇವ್ರು ಪಕ್ಕದಲ್ಲಿ ನಿಂತಿರ್ತಾರೆ. ಕಣ್ಣು ಬಿಟ್ಕೊಂಡಿರ್ತಾರೆ. ಅದು ಅವ್ರ ಪಾಪ."

ಅಜ್ಜಿ ಯೋಚಿಸಿದಳು. ಬುತ್ತಿ ಕಟ್ಟಿದಳು. ಎದ್ದು ನಿಂತಳು.

"ಆಗ್ಲಿ. ಆದ್ರೆ ಇಲ್ಲಲ್ಲ. ಬೀಗ್ರ ಮನೇಲಿ, ಶಾಸ್ತ್ರದ ದಿನ, ಎಲ್ರ ಎದ್ರುಗೆ ಬಿಚ್ಚಬೇಕು. ಏನ್ ಬರ್ದದೋ ಅದನ್ನ ಎಲ್ರಿಗೂ ಕೇಳಂಗೆ ಓದ್ಬೇಕು."

"ಏನು ಬಂದರೂ ಓದುತ್ತೇನೆ. ಸುಳ್ಳಾದರೆ ಸುಳ್ಳು ಅಂತಲೇ ಹೇಳುತ್ತೇನೆ. ಆಮೇಲೆ ಬೇಜಾರು ಮಾಡಿಕೊಳ್ಳಬೇಡ."

"ಓದು. ನಮ್ಮತ್ತೆ ಸುಳ್ಳೇಳೋರಲ್ಲ." ಮೆಟ್ಟಿಲಿಳಿಯುತ್ತಾ ಸೇರಿಸಿದಳು: "ನಮ್ಮ ಮಾವನ್ದೇ ವಸಿ ಅನುಮಾನ."

ತೊಟ್ಟಿಲು

ನರಸೀಪುರದ ಬಸ್ಸಿನಲ್ಲಿ ಮೂವರೂ ಹೋದೆವು. ಆಚಾರ್ರ ಕೈಯಲ್ಲಿ ಸ್ಪಿರಿಟ್ ದೀಪ, ಚಿಮಟ. ನನ್ನ ಜೇಬಲ್ಲಿ ಭೂತಗನ್ನಡಿ. ಅಜ್ಜಿಯ ಸೆರಗಿನಲ್ಲಿ ಮಹಾರಾಜರು.

ಬೀಗರ ಮನೆಯ ತುಂಬ ಜನ. ತೊಟ್ಟಿಲಿಗೆ ಹೂವು ಸುತ್ತಿತ್ತು. ಪಕ್ಕದ ಬೆಳ್ಳಿ ತಟ್ಟೆಯಲ್ಲಿ ಹೊಸ ಚಿನ್ನದ ಡಾಲರು ಎಲ್ಲರಿಗೂ ಕಾಣುವಂತೆ ಕೂತಿತ್ತು. ಬೀಗರು ಕನ್ನಡಕ ಒರೆಸಿಕೊಂಡು ನನ್ನನ್ನು ವಿಚಾರಿಸಿದರು.

"ತಮ್ಮ ಕ್ವಾಲಿಫಿಕೇಷನ್?"

"ಎಂ.ಎ., ಇತಿಹಾಸ."

"ಕ್ಲಾಸು?"

"ಫಸ್ಟ್."

"ಸರಿ. ಏನಿದೆಯೋ ಅದನ್ನ ಒಂದು ಬಿಳಿ ಹಾಳೇಲಿ ಬರೆದು, ಸಹಿ ಹಾಕಿ, ಸ್ಥಳ, ದಿನಾಂಕ ನಮೂದಿಸಿ. ಮಹಾರಾಜರು ಕೊಟ್ಟಿದ್ದು ಅಂತ ಅದ್ರಲ್ಲಿದ್ರೆ ನನ್ನ ಅಭ್ಯಂತರ ಇಲ್ಲ."

ಅಜ್ಜಿ ಡಾಲರಿಗೆ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು ಆಚಾರ್ರಿಗೆ ಕೊಟ್ಟಳು. ಮೊಮ್ಮಗ ಅಜ್ಜಿಯ ಹಿಂದೆ ಬಂದು ನಿಂತ. ಅವನ ಕೊರಳಲ್ಲೂ ಒಂದು ಕಾಲಕ್ಕೆ ಅದೇ ಡಾಲರು ಇತ್ತು. ಹೆಣ್ಣು ಕೊಟ್ಟ ಮಾವನ ಮುಂದೆ ಅದನ್ನು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆಚಾರ್ರು ದೀಪದ ಉರಿಗೆ ಹಿಡಿದರು. ಒಳಗೆ ತುಂಬಿದ್ದ ಅರಗು ಮೆತ್ತಗಾಯಿತು. ಚಿಮಟದಲ್ಲಿ ಮೆಲ್ಲಗೆ ಮೀಟಿದಾಗ ತಗಡು ಬಿಟ್ಟುಕೊಂಡಿತು. ಅರಗು ಒರೆಸಿ ನನ್ನ ಅಂಗೈಗಿಟ್ಟರು.

ಅರವತ್ತೆಪ್ಪತ್ತು ವರ್ಷ ಗಾಳಿ ಬೆಳಕು ಕಾಣದ ಬೆನ್ನು. ಒಂದಕ್ಷರವೂ ಸವೆದಿರಲಿಲ್ಲ. ನಾನು ಓದಿಕೊಂಡೆ. ಮುಂದುಗಡೆ ತಿರುಗಿಸಿ ಉಬ್ಬನ್ನು ಇನ್ನೊಮ್ಮೆ ನೋಡಿದೆ. ಒಮ್ಮೆ ಗೊತ್ತಾದ ಮೇಲೆ ಅದು ಬೇರೇನೂ ಆಗಲು ಸಾಧ್ಯವೇ ಇರಲಿಲ್ಲ.

"ಓದು," ಅಂದಳು ಅಜ್ಜಿ.

ಆ ಕ್ಷಣದಲ್ಲಿ, ವೃತ್ತಿಯಲ್ಲಿ ಮೊದಲನೆಯ ಮತ್ತು ಕೊನೆಯ ಸಲ, ಒಂದು ಸಣ್ಣ ಸುಳ್ಳು ಹೇಳಿದರೆ ಹೇಗೆ ಅನ್ನಿಸಿತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ರಿಗೂ ಕೇಳಂಗೆ ಓದು."

ಓದಿದೆ. "ಶ್ರೀಮನ್ಮಹಾರಾಜರವರಿಂದ. ದನಗಳ ಪ್ರದರ್ಶನ. ಉತ್ತಮ ಉಳುಮೆ ಎತ್ತು. ಮೊದಲನೆಯ ಬಹುಮಾನ."

ಮುಂದಿನದನ್ನೂ ಹೇಳುವುದು ನನ್ನ ಕೆಲಸ. "ಮುಂದುಗಡೆ ಇರುವುದು ಪೇಟವಲ್ಲ. ಎತ್ತಿನ ಹಿಣಿಲು, ಬೆನ್ನ ಮೇಲಿನ ಡುಬ್ಬ."

ಬೀಗರು ಮೊದಲು ಕೆಮ್ಮಿದರು. ಆಮೇಲೆ ನಕ್ಕರು. ಆಮೇಲೆ ಮನೆಯೆಲ್ಲ ನಕ್ಕಿತು. ನಗುವಿನ ಸದ್ದಿಗೆ ಮಗು ಎದ್ದು ಅಳತೊಡಗಿತು.

"ಇದಕ್ಕೆ ಬೆಲೆ ಏನಾಗ್ಬಹುದು?" ಬೀಗರು ಕಣ್ಣೊರೆಸಿಕೊಂಡು ಕೇಳಿದರು. ಬಂದವರನ್ನು ಇನ್ನಷ್ಟು ನಗಿಸುವ ಉದ್ದೇಶವಿತ್ತು.

"ಅಪ್ಪಟ ಬೆಳ್ಳಿ. ಪಟ್ಟಾಭಿಷೇಕದ ಬಿಲ್ಲೆಗಳನ್ನು ರಾಶಿ ಹೊಡೆದು ಊರೂರಿಗೆ ಹಂಚಿದ್ದಾರೆ, ಮನೆಮನೆಯಲ್ಲೂ ಸಿಗುತ್ತವೆ. ಮೊದಲನೆಯ ಬಹುಮಾನ ಒಂದೇ ಕೊಡುವುದು. ಅದೂ ಬರಹ ಇಷ್ಟು ಚೆನ್ನಾಗಿ ಉಳಿದಿರುವುದನ್ನು ನಾನು ನೋಡಿಲ್ಲ. ಸಂಗ್ರಹ ಮಾಡುವವರ ಕೈಗೆ ಹೋದರೆ ನಿಮ್ಮ ತಟ್ಟೆಯಲ್ಲಿರುವ ಚಿನ್ನದ ಡಾಲರಿಗಿಂತ ಹೆಚ್ಚಿಗೆ ಬರುತ್ತೆ."

ನಗು ನಿಂತಿತು. ಬಿಳಿ ಹಾಳೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದು, ಸಹಿ ಹಾಕಿ, ಸ್ಥಳ, ದಿನಾಂಕ ನಮೂದಿಸಿ ಕೊಟ್ಟೆ. ಬೀಗರು ಎರಡು ಸಲ ಓದಿದರು. ದಾಖಲೆಯ ಎದುರು ಅವರು ಏನೂ ಮಾಡುವಂತಿರಲಿಲ್ಲ. ಆದರೂ ಕೊನೆಯ ಪ್ರಯತ್ನ ಮಾಡಿದರು.

"ಮಹಾರಾಜರು ಕೊಟ್ಟಿದ್ದು ನಿಜ ಅಜ್ಜಿ, ಒಪ್ಪಿದೆ. ಆದ್ರೆ ನಿಮ್ಮ ಮಾವನಿಗಲ್ಲ, ನಿಮ್ಮ ಮಾವನ ಎತ್ತಿಗೆ!"

ಅಜ್ಜಿಯ ಮುಖ ನೋಡಿದೆ. ನಾಚಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಅರವತ್ತು ವರ್ಷದಿಂದ ಬಿಡಿಸಲಾಗದ ಲೆಕ್ಕ ತಾಳೆಯಾದವರ ಮುಖ ಅದು. ನನ್ನ ಕೈಯಿಂದ ಡಾಲರು ಇಸಕೊಂಡು, ಮಗುವಿನ ಕೊರಳಿಗೆ ಕಟ್ಟುತ್ತಾ ಹೇಳಿದಳು:

"ಈಗ ಸರಿ ಓಯ್ತು ಕಣಪ್ಪ. ಆ ಮನೇಲಿ ಮೈಮುರಿದು ಗೇದಿದ್ದು ಅದೊಂದೇಯ. ಮಾರಾಜ್ರು ಸರ್ಯಾಗಿ ನೋಡೇ ಕೊಟ್ಟವ್ರೆ."